ಚಿಗವ್ವನ ಮೂರನೇ ನಂಬರು

ರೋಣದ ಸಂತೆಗೆ ಬರುವ ಮಂದಿಯಲ್ಲಿ ಕೆಲವರು ನಮ್ಮ ಚಿಗವ್ವನಿಗೆ ಮೂಗೇ ಇಲ್ಲ ಎಂದು ನಂಬಿದ್ದರು. ಸುಳ್ಳಲ್ಲ! ಖಾರ ಕುಟ್ಟಿಸಲು ಬಂದ ಮುದುಕಿಯೊಬ್ಬಳು ನನ್ನನ್ನು ಬಾಜೂಕ ಕರೆದು, ದನಿ ತಗ್ಗಿಸಿ, "ಯಪ್ಪಾ, ನಿಮ್ಮ ಚಿಗವ್ವನ ಮೂಗಿಗೆ ಏನಾಗೇತಿ? ಇಲಿ ಕಡದೈತೇನು?" ಎಂದು ಕೇಳಿದ್ದಳು.

ಮೂಗು ಇತ್ತು. ನೀಟಾದ, ಚೂಪಾದ ಮೂಗು. ಮೇಲೆ ಮುತ್ತಿನ ಮೂಗುತಿ ಬೇರೆ. ಆದರೆ ಬೆಳಗ್ಗೆ ಗಿರಣಿಯ ಬಾಗಿಲು ತೆರೆದದ್ದೇ ಅದರ ಮೇಲೆ ಒಂದು ಬಿಳಿ ಬಟ್ಟಲು ಕವುಚಿಕೊಂಡಿತೆಂದರೆ ಗಿರಣಿ ನಿಲ್ಲುವ ತನಕ ಕೆಳಗಿಳಿಯುತ್ತಿರಲಿಲ್ಲ. ಈಗಿನವರು ಇದರಲ್ಲೇನಿದೆ ಎಂದು ಕೇಳಬೇಡಿ. ಇದು ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಆಗ ನಮ್ಮ ಕಡೆ ಮಾಸ್ಕು ಹಾಕುವವರು ಎರಡೇ ಜಾತಿಯವರು: ಆಪರೇಶನ್ ಮಾಡುವ ಡಾಕ್ಟರು, ಮತ್ತು ಸಿನಿಮಾದಲ್ಲಿ ಬ್ಯಾಂಕು ಲೂಟಿ ಮಾಡುವವರು. ಚಿಗವ್ವ ಮೂರನೆಯ ಜಾತಿ ಹುಟ್ಟಿಸಿದಳು.

ನಾನು ಆಗಷ್ಟೇ ರೋಣದ ಹೈಸ್ಕೂಲೊಂದಕ್ಕೆ ಮಾಸ್ತರನಾಗಿ ಬಂದಿದ್ದೆ. ಬಾಡಿಗೆ ಖೋಲಿ ಹುಡುಕುತ್ತೇನೆ ಅಂದದ್ದಕ್ಕೆ, ನಮ್ಮವ್ವನ ತಂಗಿಯಾದ ಚಿಗವ್ವ "ಯಾಕ, ನಾ ಸತ್ತೇನೇನು?" ಎಂದು ಜಗಳಕ್ಕೇ ನಿಂತಳು. ಅವಳ ಮನೆಯ ಮಾಳಿಗೆಯ ಮೇಲಿನ ಖೋಲಿ ನನ್ನದಾಯಿತು. ಕೆಳಗೆ ಚಿಗವ್ವ, ಅವಳ ಗಂಡ (ನಾವೆಲ್ಲ ಅವರಿಗೆ ಕಾಕಾ ಅನ್ನುತ್ತಿದ್ದೆವು), ಮಗಳು ಗಿರಿಜಾ. ಅಂಗಳದ ಆಚೆಗೆ ಖಾರದ ಗಿರಣಿ.

ಖಾರದ ಗಿರಣಿಯ ಬಾಜೂಕ ನೀವು ಎಂದಾದರೂ ಇದ್ದೀರಾ? ಇಲ್ಲದಿದ್ದರೆ ಪುಣ್ಯವಂತರು. ಬ್ಯಾಸಗಿಯಲ್ಲಿ ಮಂದಿ ಚೀಲಗಟ್ಟಲೆ ಒಣಮೆಣಸಿನಕಾಯಿ ಹೊತ್ತು ತರುತ್ತಿದ್ದರು. ಮಶಿನ್ನು ಗುರ್ ಅಂದಿತೆಂದರೆ ಓಣಿಯಲ್ಲಿ ಯಾರೂ ಗುಟ್ಟಿನ ಮಾತು ಆಡುವಂತಿರಲಿಲ್ಲ. ಗುಟ್ಟು ಅರ್ಧಕ್ಕೆ ಬರುವಷ್ಟರಲ್ಲಿ ಸೀನು! ಎದುರುಮನೆಯವರ ಬೆಕ್ಕು ಇಲಿಯ ಬೆನ್ನು ಹತ್ತಿ ಬಂದು, ಹಾರುವ ಹೊತ್ತಿಗೆ ಸರಿಯಾಗಿ ಸೀನಿ, ಇಲಿಯನ್ನು ಕಳಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಚಿಗವ್ವ ಆಗಿನ್ನೂ ಬರೇ ಸೆರಗಿನಿಂದ ಮೂಗು ಕಟ್ಟಿಕೊಂಡು ಅದೇ ಕೆಂಪು ಮೋಡದ ನಡುವೆ ಹಗಲೆಲ್ಲ ನಿಲ್ಲುತ್ತಿದ್ದಳು. ಕೆಮ್ಮು ಅವಳಿಗೆ ಸೊಸೆಯ ಹಾಗೆ ಮನೆಗೆ ಬಂದು ಖಾಯಂ ಉಳಿದುಬಿಟ್ಟಿತ್ತು. ದವಾಖಾನಿಯ ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, "ಗಿರಣಿ ಬಿಟ್ಟುಬಿಡ್ರಿ ಬಾಯಾರ" ಅಂದರು.

"ಡಾಕ್ಟರ, ನನ್ನ ಗಂಡನ್ನ ಬಿಡು ಅನ್ರಿ, ವಿಚಾರ ಮಾಡ್ತೇನಿ. ಗಿರಣಿ ಬಿಡು ಅನಬ್ಯಾಡ್ರಿ" ಎಂದಳು ಚಿಗವ್ವ. ಕಾಕಾ ಅಲ್ಲೇ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಪಾಪ, ಔಷಧದ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡರು, ಅಷ್ಟೇ.

ಇಂಥ ಹೊತ್ತಿನಲ್ಲಿ ದೇವರು ಒಬ್ಬ ಸೇಲ್ಸ್‌ಮನ್ನನ ರೂಪದಲ್ಲಿ ಬಂದ. ಗಜೇಂದ್ರಗಡದ ಗುಡ್ಡದ ಕಡೆ ಕಲ್ಲು ಪುಡಿ ಮಾಡುವ ಕ್ರಷರುಗಳಿಗೆ ಮಾಸ್ಕು ಮಾರಲು ಹೊರಟ ಹುಬ್ಬಳ್ಳಿಯ ಗೃಹಸ್ಥ. ರೋಣದಲ್ಲಿ ಬಸ್ಸು ತಪ್ಪಿಸಿಕೊಂಡು, ನೀರು ಕೇಳಲು ನಮ್ಮ ಅಂಗಳಕ್ಕೆ ಕಾಲಿಟ್ಟ.

"ನಮಸ್ಕಾರ್ರೀ ಅಕ್ಕಾರ, ಒಂದೀಟ... ಆಕ್ಷೀ! ಒಂದೀಟ ನೀರ... ಆಕ್ಷೀ!"

ಚಿಗವ್ವ ನೀರು ತರುವಷ್ಟರಲ್ಲಿ ಅವನು ಬ್ಯಾಗಿನಿಂದ ಬಿಳಿ ಬಟ್ಟಲೊಂದನ್ನು ತೆಗೆದು, ಮುಖಕ್ಕೆ ಒತ್ತಿ, ಒಂದು ಪಟ್ಟಿಯನ್ನು ತಲೆಯ ಮೇಲೆ, ಇನ್ನೊಂದನ್ನು ಕುತ್ತಿಗೆಯ ಹಿಂದೆ ಏರಿಸಿ, ಮೂಗಿನ ಮೇಲಿನ ತಗಡಿನ ಪಟ್ಟಿಯನ್ನು ಎರಡು ಬೆರಳಿನಿಂದ ಒತ್ತಿಕೊಂಡ. ಸೀನು ನಿಂತಿತು! ಆ ಕೆಂಪು ಮೋಡದಲ್ಲಿ ನಿಂತು ಅವನು ಆರಾಮ ಮಾತಾಡತೊಡಗಿದ. ನೀರನ್ನೂ ಮರೆತ. ಚಿಗವ್ವ ತಂಬಿಗೆ ಹಿಡಿದುಕೊಂಡು ನಿಂತೇ ಇದ್ದಳು. ಸಾಕ್ಷಾತ್ಕಾರವಾದವರು ಹಾಗೆ ನಿಲ್ಲುತ್ತಾರೆಂದು ಕೇಳಿದ್ದೆ, ಅಂದು ನೋಡಿದೆ.

"ಇದರಾಗ ಮೂರು ನಂಬರ್ ಅದಾವ್ರಿ" ಎಂದು ಅವನು ಶುರು ಮಾಡಿದ. "ಒಂದನೇ ನಂಬರು ನೂರರಾಗ ಎಂಬತ್ತು ಪಾಲು ಧೂಳ ಹಿಡಿತೈತ್ರಿ. ಎರಡನೇದು ತೊಂಬತ್ನಾಕು. ಮೂರನೇದು ತೊಂಬತ್ತೊಂಬತ್ತು."

"ಅಂದ್ರ ಫಸ್ಟ್ ಕ್ಲಾಸು, ಡಿಸ್ಟಿಂಕ್ಷನ್ನು, ರ‍್ಯಾಂಕು" ಎಂದು ನಾನು ಮಾಸ್ತರಿಕೆ ಮಾಡಿದೆ.

"ಹೌದ್ರಿ ಸರ್. ಆದ್ರ ಮುಖಕ್ಕ ಬರೋಬ್ಬರಿ ಕುಂತಾಗ ಅಷ್ಟ ಮತ್ತ. ಸಂದು ಬಿಡ್ತಂದ್ರ ರ‍್ಯಾಂಕ್ ಬಂದಾವನೂ ಫೇಲು."

ಚಿಗವ್ವ ಕಿವಿಗೆ ಸಿಗಿಸುವ ತೆಳ್ಳನೆಯ ಮಾಸ್ಕೊಂದನ್ನು ಅವನ ಬ್ಯಾಗಿನಿಂದ ಎತ್ತಿ, "ಇದು ಎಷ್ಟನೇ ನಂಬರು?" ಎಂದು ಕೇಳಿದಳು.

"ಇದಕ್ಕ ನಂಬರಿಲ್ರಿ. ಇದು ಡಾಕ್ಟರದು. ನಿಮ್ಮ ಬಾಯಾಗಿನ ಉಗುಳು ಎದುರಿನವ್ರ ಮ್ಯಾಲ ಸಿಡಿಬಾರ್ದಂತ. ನಿಮಗ ಧೂಳ ತಡ್ಯಾಕಲ್ಲ."

"ಹಂಗಾರ ಇದೊಂದು ನಮ್ಮನಿಯವರಿಗೆ ಕೊಡ್ರಿ" ಎಂದಳು ಚಿಗವ್ವ. "ಅವ್ರು ರಾಜಕಾರಣ ಮಾತಾಡುವಾಗ ನಾವು ಛತ್ರಿ ಹಿಡಕೊಂಡು ಕುಂದ್ರತೇವಿ."

ಖಾರಕ್ಕೆ ಎರಡನೇ ನಂಬರು ಸಾಕು, ಕಲ್ಲಿನ ಪುಡಿಗೆ ಮೂರನೇದೇ ಬೇಕು ಎಂದು ಹೇಳಿ, ಸ್ಯಾಂಪಲ್ಲೆಂದು ಎರಡೂ ನಂಬರು ಬೆರೆಸಿದ ಒಂದು ಡಬ್ಬಿ ಕೊಟ್ಟು, ಮುಂದೆ ತರಿಸಲು ಹುಬ್ಬಳ್ಳಿಯ ವಿಳಾಸ ಬರೆದಿಟ್ಟು ಅವನು ಮುಂದಿನ ಬಸ್ಸಿಗೆ ಹೋದ. ನೀರು ಕುಡಿದನೋ ಇಲ್ಲವೋ ಯಾರಿಗೂ ನೆನಪಿಲ್ಲ.

ಅಂದಿನಿಂದ ಚಿಗವ್ವನ ಜಗತ್ತು ಮೂರು ನಂಬರಿನಲ್ಲಿ ಭಾಗವಾಯಿತು. ಕಾಕಾ ಒಂದನೇ ನಂಬರು: "ನೂರು ಮಾತು ಹೇಳಿದ್ರ ಎಂಬತ್ತು ತಡಕೊಂತಾರ. ಉಳದ ಇಪ್ಪತ್ತು ಒಳಗ ಹೊಕ್ಕು ಕುಂದ್ರತಾವ. ಅವು ಆಮ್ಯಾಲ ಜಗಳಾಗಿ ಹೊರಗ ಬರ್ತಾವ." ಗಿರಿಜಾ ಎರಡನೇ ನಂಬರು. ತೀರಿಹೋದ ತನ್ನ ಅತ್ತೆಗೆ ಮಾತ್ರ ಚಿಗವ್ವ ಮೂರನೇ ನಂಬರು ಕೊಟ್ಟಿದ್ದಳು. "ಏನ್ ಹೆಣಮಗಳೋ ತಮ್ಮಾ! ಮನಿಯಾಗಿಂದ ಒಂದು ಕಾಳು ಹೊರಗ ಬಿಡಲಿಲ್ಲ, ಒಂದು ಚಾಡಿ ಒಳಗ ಬಿಡಲಿಲ್ಲ. ಆದ್ರ ಮೂರನೇ ನಂಬರಿನ ತ್ರಾಸ ಅದ ನೋಡು, ಹಾಕ್ಕೊಂಡವರಿಗೆ ಉಸರು ಎಳಿಯೋದು ಭಾಳ ಬಿಗಿ. ಇಡೀ ಸಂಸಾರ ನಾ ಹಂಗ ಉಸರಾಡೀನಿ."

ನಾನು ಯಾವ ನಂಬರು ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಡಾಕ್ಟರ ಮಾಸ್ಕು. ಬರೇ ಮಾತು ಹೊರಗ ಸಿಡಸಾಂವ" ಎಂದಳು. ಬೇಕಿತ್ತೇ ನನಗೆ ಈ ಪ್ರಶ್ನೆ?

ಸಂದಿನ ಮಾತು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ದೊಡ್ಡ ಕಂಪನಿಗಳಲ್ಲಿ ತಲೆಯ ಸುತ್ತ ಪರದೆ ಬಿಟ್ಟು, ಒಳಗೆ ಸಿಹಿ ನೀರೋ ಕಹಿ ನೀರೋ ಹೊಗೆಯಂತೆ ಸಿಂಪಡಿಸುತ್ತಾರೆ, ನಾಲಿಗೆಗೆ ರುಚಿ ಹತ್ತಿದರೆ ಸಂದಿದೆ ಎಂದರ್ಥ, ಎಂದು ಆ ಸೇಲ್ಸ್‌ಮನ್ ಹೇಳಿ ಹೋಗಿದ್ದ. ಹೇಳಬಾರದಿತ್ತು! ಚಿಗವ್ವ ಕಾಕಾನ ಕರಿಕೊಡೆಯನ್ನು ಜಂತಿಗೆ ತೂಗುಹಾಕಿದಳು. ಅದರ ಸುತ್ತ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟಳು. ಇಸ್ತ್ರಿಯವನ ಹತ್ತಿರ ಇರುವಂಥ ನೀರು ಸಿಂಪಡಿಸುವ ಬಾಟಲಿ ತಂದು ಸಕ್ಕರೆ ನೀರು ತುಂಬಿದಳು. ಮೊದಲ ಬಲಿ ಕಾಕಾ.

"ಸಿಹಿ ಹತ್ತೇತೇನು?"

"ಹತ್ತೇತಿ" ಎಂದರು ಕಾಕಾ, ಕೊಡೆಯ ಕೆಳಗಿನಿಂದ.

ಪಟ್ಟಿ ಬಿಗಿ ಮಾಡಿದಳು. ಮೂಗಿನ ತಗಡು ಒತ್ತಿದಳು. ಮತ್ತೆ ಸಿಂಪಡಿಸಿದಳು. "ಈಗ?"

"ಈಗೂ ಹತ್ತೇತಿ. ಇನ್ನೊಂದೀಟ ಹೊಡಿ ನೋಡೋಣು."

ಹೀಗೆ ಬಾಟಲಿ ಅರ್ಧ ಖಾಲಿಯಾದ ಮೇಲೆ ಗಿರಿಜಾ ಬಗ್ಗಿ ನೋಡಿ ಚೀರಿದಳು, "ಯವ್ವಾ, ಅಪ್ಪ ಕೆಳಗಿಂದ ಬೆರಳು ಹಾಕಿ ಮಾಸ್ಕ್ ಎತ್ಯಾನ! ಬಾಯಿ ತಗದ ಕುಂತಾನ!" ಕಾಕಾಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಅವರ ಚಹಾಕ್ಕೆ ಸಕ್ಕರೆ ಬಂದಾಗಿ ವರ್ಷಗಳೇ ಆಗಿದ್ದವು. ಪರೀಕ್ಷೆ ಎಂದರೆ ಇಷ್ಟು ಸಿಹಿ ಎಂದು ಅವರಿಗೆ ಅಂದೇ ಗೊತ್ತಾದದ್ದು!

ಮರುದಿನದಿಂದ ಬಾಟಲಿಯಲ್ಲಿ ಬೇವಿನ ಕಷಾಯ.

ಇನ್ನೊಂದು ಸಲ ಕಾಕಾ, ಹೆಂಡತಿಗೆ ಸಹಾಯವಾಗಲಿ ಎಂದು, ಬಳಸಿದ ಮಾಸ್ಕುಗಳನ್ನೆಲ್ಲ ಸಬಕಾರ ಹಚ್ಚಿ ತಿಕ್ಕಿ ತೊಳೆದು ಅಂಗಳದ ಹಗ್ಗಕ್ಕೆ ಸಾಲಾಗಿ ಒಣಹಾಕಿದರು. ಬಟ್ಟಲ ಆಕಾರದ ಬಿಳಿ ಬಿಳಿ ಅರಿವೆಗಳು ಗಾಳಿಗೆ ತೂಗಾಡುವುದನ್ನು ಕಂಡು ಬಾಜುಮನೆಯ ಹಿರಿಯರು "ಇವ್ರ ಮನಿಯಾಗ ನಾಚಿಕಿ ಅನ್ನೋದು ಉಳೀಲಿಲ್ಲ" ಎಂದು ಕಿಟಕಿ ಮುಚ್ಚಿಕೊಂಡರು. ಚಿಗವ್ವ ನಾಚಿಕೆಗೆ ಅಂಜಲಿಲ್ಲ. ಅವಳ ಸಿಟ್ಟು ಬೇರೆ. "ತೊಳದ್ರ ಅದರ ಸತ್ವಾನ ಹೋಗತೈತಿ! ಧೂಳ ಎಳಕೊಳ್ಳೋ ಶಕ್ತಿ ಇರತೈತಿ ಆ ಎಳಿಯೊಳಗ. ಅದು ನೀರು ಕಂಡ್ರ ಸತ್ತಂಗ. ಇನ್ನ ಇದರಾಗ ಸಂಡಿಗಿ ಇಡ್ರಿ!" ಎಂದು ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದಳು.

ನಗುತ್ತಿದ್ದೆವು, ನಿಜ. ಆದರೆ ಆ ಚಳಿಗಾಲದಲ್ಲಿ ಒಂದು ದಿನ ನನಗೆ ಏನೋ ಕಡಿಮೆಯಾದಂತೆ ಅನಿಸಿತು. ಮನೆಯಲ್ಲಿ ಏನಿದು ಸಪ್ಪಳವಿಲ್ಲ ಎಂದು ನೋಡಿದರೆ, ಚಿಗವ್ವನ ಕೆಮ್ಮು ಕೇಳಿಸುತ್ತಿರಲಿಲ್ಲ. ಡಾಕ್ಟರು ಮತ್ತೆ ನಳಿಗೆ ಹಚ್ಚಿ ನೋಡಿ, "ಏನ್ ಮಾಡಿದ್ರಿ?" ಎಂದು ಕೇಳಿದರಂತೆ. ಚಿಗವ್ವ ಅವರಿಗೂ ಒಂದು ಎರಡನೇ ನಂಬರು ಕೊಟ್ಟು ಬಂದಳು.

ಗಿರಿಜಾಗೆ ವರ ಬಂದದ್ದು ಆಮೇಲೆ. ಬೆಳವಣಕಿಯ ಒಕ್ಕಲುತನದ ಮನೆ. ಹುಡುಗ ಮಲ್ಲಿಕಾರ್ಜುನ ಗಜೇಂದ್ರಗಡದ ಕಡೆ ಒಂದು ಕ್ರಷರಿನಲ್ಲಿ ಮಶಿನ್ನು ನಡೆಸುತ್ತಿದ್ದ. ಎತ್ತರ, ಗಟ್ಟಿಮುಟ್ಟು, ಎದೆಯ ತನಕ ಅಲ್ಲದಿದ್ದರೂ ಕೊರಳು ಮುಚ್ಚುವಷ್ಟು ಕರಿ ಗಡ್ಡ. ಅವಲಕ್ಕಿ ಚಹಾ ಆಯಿತು. ಗಿರಿಜಾ ಬಂದು ಕೂತಳು. ಹುಡುಗನ ಅಪ್ಪ ಹೊಲದ ಮಾತು ತೆಗೆದರು. ಚಿಗವ್ವನ ಲಕ್ಷ್ಯ ಮಾತ್ರ ಗಡ್ಡದ ಮೇಲೆ.

"ಕಲ್ಲಿನ ಧೂಳಿನಾಗ ಮುಖಕ್ಕ ಏನ್ ಕಟಗೋತೀರಿ?" ಎಂದು ಕೇಳಿದಳು.

"ಟವೆಲ್ರಿ" ಎಂದ ಹುಡುಗ.

"ಟವೆಲ್ಲು ದಪ್ಪ ಧೂಳ ತಡಿತೈತ್ರಿ. ದಪ್ಪನ್ನ ಧೂಳಿಗೆ ಅಂಜಬಾರ್ದು, ಅದು ಮೂಗಿನಾಗ ಸಿಗತೈತಿ, ಸೀನಿದ್ರ ಹೊರಗ ಬರತೈತಿ. ಕಣ್ಣಿಗೆ ಕಾಣದ್ದು ಐತಲ್ಲ, ಅದು ಪುಪ್ಪಸದಾಗ ಹೋಗಿ ಕುಂತ್ರ ಮತ್ತ ಏಳಂಗಿಲ್ಲ. ಬರ್ರಿ ಇಲ್ಲಿ, ಕೊಡಿ ಕೆಳಗ ಕುಂದರ್ರಿ."

ನಾನು ಕಾಕಾನ ಮುಖ ನೋಡಿದೆ. ಕಾಕಾ ಅವಲಕ್ಕಿಯ ಪ್ಲೇಟು ನೋಡಿದರು. ಪ್ರಪಂಚದಲ್ಲಿ ಎಲ್ಲಾದರೂ, ಹೆಣ್ಣು ನೋಡಲು ಬಂದ ವರನನ್ನು ಕೊಡೆಯ ಕೆಳಗೆ ಕೂರಿಸಿ ಬೇವಿನ ಕಷಾಯ ಹೊಡೆದದ್ದುಂಟೇ? ನಮ್ಮ ಮನೆಯಲ್ಲಿ ಉಂಟು. ಮೂರನೇ ನಂಬರಿನ ಮಾಸ್ಕು ಹಾಕಿಸಿ ಚಿಗವ್ವ ಬಾಟಲಿ ಒತ್ತಿದಳು. ಮೊದಲ ಸಿಂಪಡಣೆಗೇ ಹುಡುಗ ಥೂ ಥೂ ಎನ್ನುತ್ತ ಹೊರಗೆ ಬಂದ.

"ನೋಡ್ರಿ" ಎಂದು ಚಿಗವ್ವ ಬೀಗರ ಕಡೆ ತಿರುಗಿದಳು. "ಗಡ್ಡ ಇದ್ದಲ್ಲಿ ಮಾಸ್ಕು ಮುಖಕ್ಕ ಅಂಟಂಗಿಲ್ಲ. ಕೂದಲ ನಡುವ ಸಂದ ಐತಿ. ಮೂರನೇ ನಂಬರು ಹಾಕಿದ್ರೂ ಫೇಲು."

"ನಾವು ಹೆಣ್ಣ ನೋಡಾಕ ಬಂದೀವೋ, ನೀವು ಗಡ್ಡ ನೋಡಾಕ ಕರಸೀರೋ?" ಎಂದು ಹುಡುಗನ ಅಪ್ಪ ಎದ್ದು ನಿಂತು ಚಪ್ಪಲಿ ಮೆಟ್ಟಿದರು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ತಲೆ ತಗ್ಗಿಸಿ ಕೂತಿದ್ದ ಗಿರಿಜಾ ಮೊಟ್ಟಮೊದಲ ಸಲ ಬಾಯಿ ಬಿಟ್ಟಳು: "ಮೀಸಿ ಇರಲಿ ಬಿಡವ್ವಾ. ಮೀಸಿ ಮಾಸ್ಕಿನ ಒಳಗ ಹಿಡಸತೈತಿ."

ಹುಡುಗ ನಕ್ಕುಬಿಟ್ಟ. ಬಾಯಿ ಇನ್ನೂ ಕಹಿಯಾಗಿದ್ದಿರಬೇಕು, ಆದರೂ ನಕ್ಕ.

ಮುಂದಿನ ಐತವಾರ ಬಾಗಿಲಲ್ಲಿ ಯಾರೋ ನುಣ್ಣನೆಯ ಮುಖದ, ಮೀಸೆಯ ಗೃಹಸ್ಥ ನಿಂತಿದ್ದ. "ಖಾರ ಕುಟ್ಟಸೋದೇನ್ರಿ? ಚೀಲ ಎಲ್ಲಿ?" ಎಂದು ಚಿಗವ್ವ ಕೇಳಿದಳು. ಅವನು ಸೀದಾ ಹೋಗಿ ಕೊಡೆಯ ಕೆಳಗೆ ಕೂತ. ಪಾಸಾದ. ಮದುವೆ ಆಯಿತು.

ಅಳಿಯ ಅತ್ತೆಯನ್ನೂ ಮೀರಿಸಿದ. ಗಡ್ಡ ಹೋದದ್ದೇ ತಡ, ಬುದ್ಧಿಯೂ ಮಾಸ್ಕಿನದೇ ಆಯಿತು. ಕ್ರಷರಿನಲ್ಲಿ ಒಬ್ಬೊಬ್ಬರಿಗೇ ಹೇಳಿ, ನಗಿಸಿಕೊಂಡು, ಬೈಸಿಕೊಂಡು, ಕೊನೆಗೆ ಮಾಲಕರನ್ನೇ ಒಪ್ಪಿಸಿ ಮೂರನೇ ನಂಬರಿನ ಡಬ್ಬಿಗಳನ್ನು ತರಿಸಿದ. ಪುಡಿ ಹಾರುವಲ್ಲಿ ನೀರು ಸಿಂಪಡಿಸುವ ಪೈಪು ಹಾಕಿಸಿದ. ಹೋಗಲಿ, ಒಳ್ಳೆಯದೇ. ಆದರೆ ಹೊಲದಲ್ಲಿ ರಾಶಿಗೂ ಮಾಸ್ಕು, ದನದ ಕೊಟ್ಟಿಗೆಗೂ ಮಾಸ್ಕು, ಗಿರಿಜಾ ಒಗ್ಗರಣೆ ಹಾಕಿದರೂ ಮಾಸ್ಕು! "ನಮ್ಮ ಅತ್ತಿಯಾರ ಮಾಸ್ಕ್ ಒಂದಿದ್ರ ಯಮನ ಬಾಯಾಗ ಹೊಕ್ಕು ಹೊರಗ ಬರ್ತೇನಿ" ಎಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಚಿಗವ್ವ ಇದನ್ನು ಕೇಳಿ ಎರಡು ಕಿಲೋ ದಪ್ಪ ಆಗಿರಬೇಕು.

ಗಿರಿಜಾಳ ಕುಬಸಕ್ಕೆಂದು ನಾವು ಮೂವರು ಬೆಳವಣಕಿಗೆ ಹೋದೆವು. ಚೊಚ್ಚಲ ಬಸುರಿ ಮಗಳಿಗೆ ಹಸಿರು ಸೀರೆ, ಬಳೆ, ಬುಟ್ಟಿ ತುಂಬ ತಿನಿಸು. ಬುಟ್ಟಿ ನನ್ನ ತಲೆಯ ಮೇಲೆ. ಬಸ್ಸಿಳಿದು ಅವರ ಮನೆಯ ಹತ್ತಿರ ಬಂದಾಗ ಮುಗಿಲಿನಲ್ಲಿ ಮೋಡ ಕಟ್ಟಿತ್ತು. ಮನೆಯ ಮುಂದಿನ ಬಯಲಿನಲ್ಲಿ ನಾಲ್ಕೈದು ಮಂದಿ ಗುಂಪುಗೂಡಿದ್ದರು.

ಅವರು ಹಗೇವು ತೆಗೆದಿದ್ದರು. ಹಗೇವು ಗೊತ್ತಲ್ಲ? ನೆಲದಡಿಯಲ್ಲಿ ಬಾವಿಯಂತೆ ತೋಡಿ, ಒಳಗೆಲ್ಲ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಾರೆ. ವರ್ಷಗಟ್ಟಲೆ ಜೋಳ ಕೆಡುವುದಿಲ್ಲ. ಒಳಗೆ ಗಾಳಿ ಮಾತ್ರ ಕೆಟ್ಟಿರುತ್ತದೆ. ಅದಕ್ಕೇ ಹಿಂದಿನಿಂದಲೂ ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲನ್ನು ಹಗ್ಗ ಕಟ್ಟಿ ಇಳಿಸಿ, ದೀಪ ಉರಿದರೆ ಮಾತ್ರ ಮನುಷ್ಯರು ಇಳಿಯುವುದು ರೂಢಿ. ಆದರೆ ಈ ಸಲ ಕಲ್ಲು ತೆಗೆದದ್ದೇ ಅಂದು ಬೆಳಗ್ಗೆ. ಮಳೆ ಬರುವುದರೊಳಗೆ ಜೋಳ ಹೊರಗೆ ತೆಗೆಯಬೇಕು. ಬೀಗರು ಕಂದೀಲು ತಂದು ಪಕ್ಕದಲ್ಲಿ ಇಟ್ಟುಕೊಂಡೇ ಇದ್ದರು.

"ಕಂದೀಲು ಯಾಕಪಾ ಇನ್ನ? ಅದು ಮಾಸ್ಕ್ ಇಲ್ಲದ ಕಾಲದಾಗ" ಎಂದು ಮಲ್ಲಿಕಾರ್ಜುನ ನಗುತ್ತಿದ್ದ. ಮಾಸ್ಕು ಹಾಕಿಕೊಂಡು ನಿಂತಿದ್ದ. ಮೂರನೇ ನಂಬರು.

ದೂರದಿಂದ ಅದನ್ನು ಕಂಡ ಚಿಗವ್ವನಿಗೆ ಮೊದಲು ಹೆಮ್ಮೆಯೇ ಆಯಿತು! "ನೋಡೋ ತಮ್ಮಾ ಅಳಿಯಾರನ್ನ. ಎರಡೂ ಪಟ್ಟಿ ಹ್ಯಾಂಗ ಬರೋಬ್ಬರಿ ಹಾಕ್ಯಾರ. ಮೂಗಿನ ತಗಡೂ ಒತ್ಯಾರ" ಎಂದಳು. ಇನ್ನೆರಡು ಹೆಜ್ಜೆ ನಡೆದಳು. ಆಮೇಲೆ ಅವನ ನಡುವಿಗೆ ಕಟ್ಟಿದ ಹಗ್ಗ ಕಂಡಿತು. ಅವನ ಕಾಲ ಬಳಿ ನೆಲದಲ್ಲಿ ಕರಿ ಬಾಯಿ ಕಂಡಿತು. ಅವನು ಕೂತು ಎರಡೂ ಕಾಲು ಒಳಗೆ ಇಳಿಬಿಟ್ಟ.

ಮದುವೆಯಾದಾಗಿನಿಂದ ಚಿಗವ್ವ ಅಳಿಯನನ್ನು ಒಂದು ಸಲವೂ ಬಹುವಚನ ಬಿಟ್ಟು ಕರೆದವಳಲ್ಲ. ಅವನೆದುರು ಸೆರಗು ತಲೆಯಿಂದ ಜಾರಗೊಟ್ಟವಳಲ್ಲ.

"ಏ ಮಲ್ಲ್ಯಾ!" ಎಂದು ಕಿರುಚಿದಳು. "ಇಳೀಬ್ಯಾಡ! ಕಾಲು ತಗೀ ಮ್ಯಾಲ! ತಗೀಯೋ ಲೇ!"

ಬಯಲೆಲ್ಲ ತಿರುಗಿ ನೋಡಿತು. ಸೆರಗು ಹಿಂದೆ ಹಾರುತ್ತಿತ್ತು, ಒಂದು ಚಪ್ಪಲಿ ಹಾದಿಯಲ್ಲೇ ಉಳಿಯಿತು. ಅಷ್ಟು ದಪ್ಪ ಹೆಂಗಸು ಹಾಗೆ ಓಡಬಲ್ಲಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹೋದವಳೇ ಅಳಿಯನ ತೋಳು ಹಿಡಿದು ಹಿಂದಕ್ಕೆ ಜಗ್ಗಿದಳು. ಇಬ್ಬರೂ ಮಣ್ಣಿನ ಮೇಲೆ ಬಿದ್ದರು.

"ಅತ್ತಿಯಾರ, ಮಾಸ್ಕ್ ಹಾಕ್ಕೊಂಡೀನಲ್ರಿ!" ಎಂದ ಅವನು, ದಿಗಿಲಿನಿಂದ. "ಮೂರನೇ ನಂಬರ್ರಿ!"

"ಅದು ಸೋಸ್ತೈತೋ ಮಗನ! ಸೋಸ್ತೈತಿ, ಅಷ್ಟ! ಗಾಳಿ ಹುಟ್ಟಸಂಗಿಲ್ಲ! ಒಳಗ ಉಸರಾಡೋ ಗಾಳಿನ ಇಲ್ಲಂದ್ರ ಅದು ಏನ್ ಸೋಸಬೇಕು?"

ಯಾರೋ ಒಬ್ಬರು ನಕ್ಕರು. ಬೀಗರಿಗೆ ಸಿಟ್ಟು ಬಂದಿತ್ತು. ನಾಲ್ಕು ಮಂದಿಯೆದುರು ಮಗನನ್ನು ಲೇ ಅಂದರೆ ಯಾವ ಅಪ್ಪನಿಗೆ ಸೈರಣೆ ಇರುತ್ತದೆ? "ನೀವ ಕಲಿಸಿದ್ದಲ್ರಿ ಇದು?" ಎಂದರು. ಚಿಗವ್ವ ಕಂದೀಲಿನ ಕಡೆ ಕೈ ತೋರಿಸಿದಳು, "ಇಳಸ್ರಿ" ಎಂದಳು.

ಕಾಕಾ ಕಂದೀಲು ಹಚ್ಚಿದರು. ಬೀಗರು ಹಗ್ಗ ಬಿಟ್ಟರು. ನಾವೆಲ್ಲ ಬಾಯಿಯ ಸುತ್ತ ಬಗ್ಗಿ ನೋಡಿದೆವು. ಹಳದಿ ಬೆಳಕು ಹುಲ್ಲಿನ ಗೋಡೆಯ ಮೇಲೆ ಮೆಲ್ಲಗೆ ಇಳಿಯುತ್ತ ಹೋಯಿತು. ಒಬ್ಬ ಮನುಷ್ಯನ ಸೊಂಟದಷ್ಟು ಆಳಕ್ಕೆ ಹೋಗುವಾಗ ಚಿಕ್ಕದಾಯಿತು. ಎದೆಯಷ್ಟು ಆಳದಲ್ಲಿ ನೀಲಿಯಾಯಿತು. ಆಮೇಲೆ ಸಪ್ಪಳವೇ ಇಲ್ಲದೆ ಆರಿಹೋಯಿತು.

ಬೀಗರು ಆರಿದ ಕಂದೀಲನ್ನು ಮೇಲಕ್ಕೆ ಎಳೆದಿಟ್ಟು, ಮಗನ ನಡುವಿನ ಹಗ್ಗ ಬಿಚ್ಚತೊಡಗಿದರು.

ಮುಂದಿನದನ್ನು ಲಗೂ ಹೇಳಿಬಿಡುತ್ತೇನೆ. ಮೋಡ ಕೊಣ್ಣೂರಿನ ಕಡೆ ಹೋಗಿ ಹೊಳೆಯ ಮೇಲೆ ಸುರಿಯಿತಂತೆ. ನಮಗೆ ನಾಲ್ಕು ಹನಿ ಬಿತ್ತು. ಹಗೇವಿನ ಬಾಯಿ ತೆರೆದೇ ಉಳಿಯಿತು. ಬೇವಿನ ಟೊಂಗೆಗಳನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಏರಿಸಿ ಒಳಗಿನ ಗಾಳಿ ಹೊರಹಾಕಿದರು. ಮರುದಿನ ಕಂದೀಲು ತಳ ಮುಟ್ಟಿಯೂ ಉರಿಯಿತು. ಆಗ ಮಲ್ಲಿಕಾರ್ಜುನ ಇಳಿದ, ಮಾಸ್ಕು ಹಾಕಿಕೊಂಡೇ ಇಳಿದ. ಹಳೇ ಜೋಳದ ಬೂಷ್ಟು ಧೂಳಿಗೆ ಅದು ಬೇಕೇ ಬೇಕಲ್ಲ! ಮೇಲೆ ಹಗ್ಗ ಹಿಡಿದು ಅವನ ಅಪ್ಪ ಉದ್ದಕ್ಕೂ ಮಾತಾಡಿಸುತ್ತಲೇ ಇದ್ದರು. ಆ ಜೋಳದ ರೊಟ್ಟಿಯಲ್ಲೇ ಕುಬಸದ ಊಟವಾಯಿತು. ಚಿಗವ್ವನ ಪಾಠವೂ ಅಂದಿನಿಂದ ಬದಲಾಯಿತು. ಗಿರಣಿಗೆ ಬಂದವರಿರಲಿ, ಗಜೇಂದ್ರಗಡದ ಕ್ರಷರಿನವರಿರಲಿ, ಮೊದಲು ಮಾಸ್ಕು ಎಲ್ಲಿ ನಡೆಯುವುದಿಲ್ಲ ಎಂಬುದನ್ನು ಹೇಳುತ್ತಾಳೆ. ಹಗೇವು, ಬಂದಾದ ಬಾವಿ, ಬೆಳೆಗೆ ಹೊಡೆಯುವ ಎಣ್ಣಿಯ ವಾಸನೆ, ಗ್ಯಾಸು. ಇವನ್ನು ಎದುರಿನವರು ತಿರುಗಿ ಒಪ್ಪಿಸಿದ ಮೇಲೆಯೇ ನಂಬರಿನ ಮಾತು.

ಆದರೆ ದೀಪ ಆರಿದ ಆ ಹೊತ್ತಿನದು ಒಂದು ಹೇಳುವುದು ಉಳಿದಿದೆ.

ಬೀಗರು ಆ ಹಗ್ಗ ಬಿಚ್ಚುತ್ತಿದ್ದಾಗ, ಗಿರಿಜಾ ತುಂಬಿದ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಏನಾಯಿತೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಚಿಗವ್ವ ಮಗಳನ್ನು ನೋಡಿದಳು. ಮಣ್ಣಿನಲ್ಲಿ ಕೂತಿದ್ದ ಅಳಿಯನನ್ನು ನೋಡಿದಳು. ಮಂಡಿಯೂರಿ ಅವನ ಹತ್ತಿರ ಸರಿದು, ಅವನ ಮುಖದ ಮೇಲಿನ ಮಾಸ್ಕನ್ನು ತಾನೇ ಬಿಚ್ಚಿದಳು.

"ನನ್ನ ಮಾತು ನಂಬಿ ಇಳೀತಿದ್ದಿಯಲ್ಲೋ" ಎಂದಳು. ನಮ್ಮ ಓಣಿಗೆಲ್ಲ ಕೇಳುವ ಆ ದನಿ ಪಿಸುಮಾತಾಗಿತ್ತು. "ನನ್ನ ಒಂದ ಮಾತು ನಂಬಿ..."

"ಬಿಡ್ರಿ ಅತ್ತಿಯಾರ. ಏನೂ ಆಗಿಲ್ಲಲ್ರಿ" ಎಂದ ಅವನು.

ಅವಳು ಎರಡೂ ಅಂಗೈಯಲ್ಲಿ ಅವನ ಮುಖ ಹಿಡಿದಳು. ಅತ್ತೆ ಅಳಿಯನನ್ನು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ನೆರೆದವರು ಯಾರೂ ಅದನ್ನು ಎಣಿಸಲಿಲ್ಲ.

"ಉಸರಾಡು" ಎಂದಳು.

ಅವನು ಉಸಿರಾಡಿದ.

"ಜೋರಾಗಿ ಉಸರಾಡೋ ಮಗನ. ನನ್ನ ಕೈಗೆ ಹತ್ತಬೇಕು."

ಅವನು ಎದೆ ತುಂಬ ಎಳೆದುಕೊಂಡು, ಅವಳ ಅಂಗೈಗೆ ಬಿಸಿಯಾಗಿ ಬಿಟ್ಟ. ಚಿಗವ್ವ ಕಣ್ಣು ಮುಚ್ಚಿಕೊಂಡು "ಇನ್ನೊಮ್ಮೆ" ಎಂದಳು. ಅವನು ಇನ್ನೊಮ್ಮೆ ಉಸಿರು ಬಿಟ್ಟ.